ಪಂಚಮಿ ವಾರದ ಪಗಾರ

ಇದು 2019ರ ಆಗಸ್ಟ್ ತಿಂಗಳ ಹತ್ತು ದಿನಗಳ ಮಾತು. ಆ ತಿಂಗಳ ಮಳೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮನೆ ಕಳೆದುಕೊಂಡವರಿದ್ದಾರೆ, ಮನೆಯವರನ್ನು ಕಳೆದುಕೊಂಡವರಿದ್ದಾರೆ. ಅವರ ಮುಂದೆ ನನ್ನದು ದೊಡ್ಡದಲ್ಲ. ಆದರೆ ನಾನು ಮಾಡಿದ ಒಂದು ಕೆಲಸದಿಂದ ಮುನ್ನೂರಕ್ಕೂ ಹೆಚ್ಚು ಜನರ ಪಗಾರ ಅದೇ ವಾರ ಆರು ದಿನ ತಡವಾಯಿತು. ಅದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗ ನಾನು ಬೆಳಗಾವಿಯ ಟಿಳಕವಾಡಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಒಟ್ಟು ಒಂಬತ್ತು ಜನ. ಉದ್ಯಮಬಾಗ ಮತ್ತು ಮಚ್ಛೆಯ ಮೂರು ಫೌಂಡ್ರಿಗಳಿಗೆ ಹಾಜರಿ, ಓವರ್‌ಟೈಮ್, ಪಗಾರದ ಲೆಕ್ಕ ಮಾಡುವ ಪ್ರೋಗ್ರಾಮ್ ನಮ್ಮದು. ಅದು ಮುಂಬೈಯಲ್ಲಿ ಬಾಡಿಗೆಗೆ ಪಡೆದ ನಾಲ್ಕು ಸರ್ವರ್‌ಗಳ ಮೇಲೆ ನಡೆಯುತ್ತಿತ್ತು. ಆ ನಾಲ್ಕನ್ನೂ ಕುಬರ್ನೆಟಿಸ್ ಎಂಬ ವ್ಯವಸ್ಥೆಯಡಿ ಒಂದು ಕ್ಲಸ್ಟರ್ ಆಗಿ ಕಟ್ಟಿದವನು ನಾನು. ಒಂದು ಮಾಸ್ಟರ್, ಮೂರು ವರ್ಕರ್.

ಕುಬರ್ನೆಟಿಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿಯುವವ. ಗೂಗಲ್ 2014ರಲ್ಲಿ ಹೊರತಂದದ್ದು. ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಾಮಾನಿನ ಸಮೇತ ಗಂಟು ಕಟ್ಟಿದರೆ ಅದು ಕಂಟೇನರ್. ಯಾವ ಗಂಟು ಯಾವ ಸರ್ವರ್ ಮೇಲೆ ಕೂರಬೇಕು, ಒಂದು ಸತ್ತರೆ ಇನ್ನೊಂದನ್ನು ಎಲ್ಲಿ ಎಬ್ಬಿಸಬೇಕು ಎಂದು ನೋಡಿಕೊಳ್ಳುವುದು ಕುಬರ್ನೆಟಿಸ್‌ನ ಕೆಲಸ. ಅದಕ್ಕೆ ಆಜ್ಞೆ ಕೊಡುವುದು ಕರಿ ಪರದೆಯ ಮೇಲೆ ಟೈಪ್ ಮಾಡಿ. ನಮ್ಮ ಆಫೀಸಿನಲ್ಲಿ ಅದು ಬರುತ್ತಿದ್ದದ್ದು ನನಗೊಬ್ಬನಿಗೆ. ಕೀಲಿ ಇದ್ದದ್ದೂ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಜುಲೈಯಲ್ಲಿ ಅಪ್ಪ ಹಂಚು ಸರಿಮಾಡಲು ಮಾಡು ಹತ್ತಿ ಬಿದ್ದರು. ತೊಡೆಯ ಎಲುಬು ಮುರಿಯಿತು. ಬೆಳಗಾವಿಯಲ್ಲಿ ಆಪರೇಷನ್ ಮಾಡಿಸಿ ಊರಿಗೆ ಕಳಿಸಿದ್ದೆವು. ನಮ್ಮ ಮನೆ ಖಾನಾಪುರದಿಂದ ಮೂರು ಕಿಲೋಮೀಟರ್ ಆಚೆ, ಮಲಪ್ರಭೆಗೆ ಸೇರುವ ಒಂದು ಹಳ್ಳದ ಹತ್ತಿರ. ಅವ್ವ ಒಬ್ಬಳೇ. ಆಗಸ್ಟ್ 5, ಸೋಮವಾರ ನಾಗರ ಪಂಚಮಿ. ಅದಕ್ಕೆ ಒಂದು ದಿನ ಮೊದಲೇ ಹೋಗಿ ಒಂದು ವಾರ ಇದ್ದು ಬರಲು ನಮ್ಮ ಆಫೀಸಿನ ಸರ್ ಒಪ್ಪಿದ್ದರು. ಊರಲ್ಲಿ ಬ್ರಾಡ್‌ಬ್ಯಾಂಡ್ ಇರಲಿಲ್ಲ. ಮೊಬೈಲಿನಲ್ಲೇ ಸರ್ವರ್‌ಗಳನ್ನು ನೋಡಿಕೊಳ್ಳುವ ಹಾಗೆ ಮಾಡಿಕೊಂಡು ಹೋಗೋಣ ಅಂದುಕೊಂಡೆ. ಕುಬರ್ನೆಟಿಸ್‌ಗೆ ಡ್ಯಾಶ್‌ಬೋರ್ಡ್ ಅಂತ ಒಂದು ವೆಬ್ ಪುಟವಿತ್ತು. ಟೈಪ್ ಮಾಡುವ ಬದಲು ಕಣ್ಣಿಂದ ನೋಡಬಹುದಿತ್ತು, ಒತ್ತಿ ಕೆಲಸ ಮಾಡಿಸಬಹುದಿತ್ತು.

ಆಗಸ್ಟ್ 3, ಶನಿವಾರ ಸಂಜೆ ಕೂತೆ. ಹಾಕುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಒಂದೇ ಆಜ್ಞೆ. ರಾತ್ರಿಯೆಲ್ಲ ಹೋದದ್ದು ಅದನ್ನು ನನ್ನ ಮೊಬೈಲಿಗೆ ತರುವುದರಲ್ಲಿ.

ಡ್ಯಾಶ್‌ಬೋರ್ಡ್ ಮಾಡಿದವರು ಅದನ್ನು ಹೊರಗಿನವರಿಗೆ ಕಾಣದ ಹಾಗೇ ಇಟ್ಟಿದ್ದರು. ಕುಬ್‌ಕಂಟ್ರೋಲ್ ಪ್ರಾಕ್ಸಿ ಎಂಬ ಆಜ್ಞೆ ಕೊಟ್ಟರೆ ನಮ್ಮ ಲ್ಯಾಪ್‌ಟಾಪಿನ 8001ನೇ ಪೋರ್ಟಿನಲ್ಲಿ ತೆರೆಯುತ್ತಿತ್ತು, ಬೇರೆಲ್ಲೂ ಇಲ್ಲ. ನನಗೆ ಬೇಕಾದದ್ದು ಬೇರೆಲ್ಲೋ ತೆರೆಯುವುದು. ಹೊರಗಿನಿಂದಲೂ ಸಿಗುವ ಹಾಗೆ ಅದರ ಸರ್ವಿಸಿನ ಬಗೆಯನ್ನು ನೋಡ್‌ಪೋರ್ಟ್ ಎಂದು ಬದಲಿಸಿದೆ. 30000ದ ಮೇಲಿನ ಒಂದು ಪೋರ್ಟ್ ಸಿಕ್ಕಿತು. ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ಬಿಟ್ಟೆ. ಮೊಬೈಲಿನ ಐಪಿ ವಿಳಾಸ ಹೊತ್ತಿಗೊಂದಾಗುತ್ತದೆ, ಆದ್ದರಿಂದ ಎಲ್ಲಿಂದ ಬಂದರೂ ಬಿಡು ಎಂದು ಬರೆದೆ.

ಮೊಬೈಲಿನಲ್ಲಿ ಪುಟ ತೆರೆಯಿತು. ಟೋಕನ್ ಕೇಳಿತು. ಟೋಕನ್ ಎಂದರೆ ಒಂಬೈನೂರರ ಆಸುಪಾಸಿನ ಅಕ್ಷರಗಳ ಒಂದು ಸಾಲು. ಕೈಯಿಂದ ಟೈಪ್ ಮಾಡುವಂಥದ್ದಲ್ಲ. ವಾಟ್ಸಾಪಿನಲ್ಲಿ ನನಗೇ ಕಳಿಸಿಕೊಂಡು ಅಂಟಿಸಿದೆ. ನಡುವೆ ಎಲ್ಲೋ ಸಾಲು ಮುರಿದಿತ್ತು, ಒಪ್ಪಲಿಲ್ಲ. ಮೂರನೇ ಸಲಕ್ಕೆ ಒಪ್ಪಿತು. 15 ನಿಮಿಷ ಸುಮ್ಮನೆ ಬಿಟ್ಟರೆ ಹೊರಗೆ ಹಾಕಿ ಮತ್ತೆ ಟೋಕನ್ ಕೇಳುತ್ತಿತ್ತು. ಹೀಗೆ ನಾಲ್ಕು ಸಲ ಆಯಿತು. ಹನ್ನೆರಡು ಹೊಡೆದಿತ್ತು. ಹೊರಗೆ ಮಳೆ ನಿಂತಿರಲಿಲ್ಲ.

ಆ ಲಾಗಿನ್ ಪುಟದಲ್ಲಿ ಹಿಂದೆ ಸ್ಕಿಪ್ ಅಂತ ಒಂದು ಗುಂಡಿ ಇರುತ್ತಿತ್ತು. ಒತ್ತಿದರೆ ಟೋಕನ್ ಇಲ್ಲದೆ ಒಳಗೆ. 2018ರ ಡಿಸೆಂಬರಿನ 1.10.1 ಆವೃತ್ತಿಯಲ್ಲಿ ಅದನ್ನು ಮರೆಮಾಡಿದ್ದರು. ಬೇಕಾದವರು ಒಂದು ಸಾಲು ಸೇರಿಸಿದರೆ ಮತ್ತೆ ಬರುತ್ತಿತ್ತು. ನಾನು ಆ ಸಾಲು ಸೇರಿಸಿದೆ. ಗುಂಡಿ ಬಂತು. ಒತ್ತಿದರೆ ಒಳಗೆ ಏನೂ ಕಾಣಲಿಲ್ಲ, ಅನುಮತಿ ಇಲ್ಲ ಎಂಬ ಸೂಚನೆಗಳು ಸಾಲಾಗಿ ಬಂದವು. ಆಗ ಡ್ಯಾಶ್‌ಬೋರ್ಡಿನ ಖಾತೆಗೇ ಕ್ಲಸ್ಟರ್ ಅಡ್ಮಿನ್ ಹಕ್ಕು ಕೊಟ್ಟೆ. ಅಂದರೆ ಏನನ್ನಾದರೂ ನೋಡುವ, ಹಾಕುವ, ತೆಗೆಯುವ ಹಕ್ಕು. ಹಾಗೆ ಮಾಡಿದರೆ ಅಪಾಯವಾಗಬಹುದು ಎಂದು ಅದರ ಕೈಪಿಡಿಯಲ್ಲೇ ಬರೆದಿತ್ತು. ಓದಿದ್ದೆ. ಒಂದು ವಾರದ ಮಾತು, ಬಂದ ಮೇಲೆ ತೆಗೆದರಾಯಿತು ಅಂದುಕೊಂಡೆ.

ಇನ್ನೊಂದು ವಿಷಯವನ್ನೂ ಹೇಳಬೇಕು. 2018ರ ಫೆಬ್ರವರಿಯಲ್ಲಿ ಟೆಸ್ಲಾ ಕಾರು ಕಂಪನಿಯ ಸುದ್ದಿ ಬಂದಿತ್ತು. ಅವರ ಕುಬರ್ನೆಟಿಸ್ ಪುಟಕ್ಕೆ ಪಾಸ್‌ವರ್ಡ್ ಇರಲಿಲ್ಲ. ಯಾರೋ ಒಳಹೊಕ್ಕು ಅವರ ಸರ್ವರ್‌ಗಳ ಮೇಲೆ ಕ್ರಿಪ್ಟೊ ನಾಣ್ಯ ತೆಗೆಯುವ ಪ್ರೋಗ್ರಾಮ್ ಓಡಿಸಿದ್ದರು. ರೆಡ್‌ಲಾಕ್ ಎಂಬ ಭದ್ರತಾ ಸಂಸ್ಥೆ ಅದನ್ನು ಹಿಡಿದಿತ್ತು. ಆ ಸುದ್ದಿಯನ್ನು ನಾನೇ ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದೆ. ನಕ್ಕಿದ್ದೆವು.

ಒಂದೂವರೆ ಗಂಟೆಗೆ ಮೊಬೈಲಿನಲ್ಲಿ ಸ್ಕಿಪ್ ಒತ್ತಿದೆ. ಹಸಿರು ವೃತ್ತಗಳು ಕಂಡವು. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಅರ್ಥ. ಆ ವಿಳಾಸವನ್ನು ಆಫೀಸಿನ ನಮ್ಮ ಹುಡುಗನಿಗೂ ಕಳಿಸಿದೆ, ಅವನೂ ನೋಡಿಕೊಳ್ಳಲಿ ಅಂತ. ಅವನು ಹೊಸಬ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು.

ಭಾನುವಾರ ಬಸ್ಸಿನಲ್ಲಿ ಊರಿಗೆ ಹೋದೆ. ಪೀರನವಾಡಿ, ಮಚ್ಛೆ, ದೇಸೂರು ದಾಟುವವರೆಗೂ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಸೋಮವಾರ ಅವ್ವ ಹಾಲೆರೆದಳು. ಅಳ್ಳಿನ ಜೊತೆ ಶೇಂಗಾದುಂಡಿ, ತಂಬಿಟ್ಟು ಕೊಟ್ಟಳು. ನಾನು ಉಂಡಿ ತಿನ್ನುತ್ತ ಮೊಬೈಲು ತೆಗೆದು ನೋಡಿದೆ. ವೃತ್ತಗಳು ಹಸಿರಾಗಿದ್ದವು. ಅಪ್ಪನಿಗೂ ತೋರಿಸಿದೆ. ಅವರಿಗೆ ಏನೆಂದು ತಿಳಿಯಲಿಲ್ಲ. "ಚಲೋ ಆತು ಬಿಡು, ಕುಂತಲ್ಲೇ ಕೆಲಸ" ಅಂದರು.

ಮಂಗಳವಾರ, 6ನೇ ತಾರೀಖು ಬೆಳಿಗ್ಗೆ ಕರೆಂಟು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹಳ್ಳ ಗದ್ದೆಗೆ ಬಂತು. ಸಂಜೆ ಮೊಬೈಲ್ ಸಿಗ್ನಲ್ ಹೋಯಿತು. ಕತ್ತಲಾದ ಮೇಲೆ ನೀರು ಅಂಗಳ ದಾಟಿತು. ಅದರ ಸದ್ದು ಜೋರಾಗೇನೂ ಇರಲಿಲ್ಲ. ತುಳಸಿಕಟ್ಟೆಯ ಬುಡಕ್ಕೆ ಬ್ಯಾಟರಿ ಬಿಟ್ಟು ನೋಡಿದರೆ ಪ್ರತಿ ಸಲ ಒಂದು ಕಲ್ಲು ಕಡಿಮೆ ಕಾಣುತ್ತಿತ್ತು. ಒಂಬತ್ತರ ಸುಮಾರಿಗೆ ನೀರು ಹೊಸ್ತಿಲೊಳಗೆ ಬಂತು.

ಅಪ್ಪನಿಗೆ ಕಾಲು ಊರಲು ಬರುತ್ತಿರಲಿಲ್ಲ. ನಮ್ಮಿಂದ ಇನ್ನೂರು ಹೆಜ್ಜೆ ಮೇಲೆ, ಏರಿನಲ್ಲಿ, ಮರಾಠಿ ಮಾತಾಡುವ ಕಾಕಾನ ಮನೆ. ಸ್ಲ್ಯಾಬ್ ಹಾಕಿದ ಮನೆ. ಅವನೂ ಅವನ ಮಗನೂ ಕರೆಯದೆ ಬಂದರು. ಅಪ್ಪನನ್ನು ಹೊರಸಿನ ಸಮೇತ ನಾಲ್ಕು ಮೂಲೆಗೆ ನಾಲ್ವರು ಎತ್ತಿದೆವು. ನಾಲ್ಕನೆಯವಳು ಅವ್ವ. ನೀರು ಮೊಣಕಾಲಿನವರೆಗೆ ಇತ್ತು. ಕೆಳಗಿನ ಕಲ್ಲು ಕಾಣುತ್ತಿರಲಿಲ್ಲ. ಕಾಕಾ ಮುಂದೆ ನಡೆಯುತ್ತ "ಹಳೂ, ಹಳೂ" ಎನ್ನುತ್ತಿದ್ದ. ಒಂದು ಕಡೆ ನನ್ನ ಕಾಲು ಜಾರಿ ಹೊರಸು ವಾಲಿತು. ಅಪ್ಪ ಕೂಗಲಿಲ್ಲ. ನನ್ನ ಅಂಗಿಯ ತೋಳು ಹಿಡಿದುಕೊಂಡರು. ಅವರ ಕೈ ನಡುಗುತ್ತಿತ್ತು. ನನಗೂ ಹೆದರಿಕೆಯಾಗಿತ್ತು. ಇನ್ನೂರು ಹೆಜ್ಜೆಗೆ ಅರ್ಧ ಗಂಟೆ ಬೇಕಾಯಿತು. ಆ ರಾತ್ರಿ ಕಾಕು ಎಲ್ಲರಿಗೂ ಚಹಾ ಮಾಡಿದಳು, ಅಪ್ಪನಿಗೆ ಒಣಗಿದ ಧೋತರ ಕೊಟ್ಟಳು.

ಬುಧವಾರ ಇಡೀ ದಿನ ಆ ಮನೆಯಲ್ಲೇ. ಸಿಗ್ನಲ್ ಇಲ್ಲ. 7ನೇ ತಾರೀಖು ಎಂದು ನೆನಪಿತ್ತು. ಸಾವಿರದೊಳಗೆ ಕೆಲಸಗಾರರಿರುವ ಕಾರ್ಖಾನೆಯಲ್ಲಿ ತಿಂಗಳ ಪಗಾರ 7ರೊಳಗೆ ಆಗಬೇಕು ಎಂಬುದು ಆಗಿನ ಕಾನೂನು. ನಮ್ಮ ಪ್ರೋಗ್ರಾಮ್ 6ರ ರಾತ್ರಿ ಲೆಕ್ಕ ಮುಗಿಸಿ ಬ್ಯಾಂಕಿಗೆ ಕೊಡುವ ಪಟ್ಟಿ ತಯಾರು ಮಾಡುತ್ತದೆ. ಅದು ತಾನೇ ನಡೆದಿರುತ್ತದೆ ಎಂದು ನಂಬಿದ್ದೆ.

ಗುರುವಾರ, 8ನೇ ತಾರೀಖು ಬೆಳಿಗ್ಗೆ ಕಾಕಾನ ಟ್ರ್ಯಾಕ್ಟರಿನಲ್ಲಿ ಮೊಬೈಲ್ ಚಾರ್ಜ್ ಮಾಡಿ ಮಾಳಿಗೆ ಹತ್ತಿದೆ. ಎರಡು ಗೆರೆ ಸಿಗ್ನಲ್ ಬಂತು. ಮೆಸೇಜುಗಳು ಒಂದರ ಮೇಲೊಂದು ಬಿದ್ದವು. ಪಗಾರದ ಪಟ್ಟಿ ಬಂದಿಲ್ಲ. ಮೂರು ಫೌಂಡ್ರಿಯವರೂ ಕೇಳುತ್ತಿದ್ದಾರೆ.

ಹುಡುಗನಿಗೆ ಫೋನ್ ಮಾಡಿದೆ. ಅವನು ಡ್ಯಾಶ್‌ಬೋರ್ಡ್ ತೆರೆದುಕೊಂಡೇ ಕೂತಿದ್ದ.

"ಅಣ್ಣಾ, ಪಗಾರದ ಜಾಬ್ ಪೆಂಡಿಂಗ್ ಅಂತ ತೋರಸಾಕತ್ತೈತಿ. ಸಿಪಿಯು ಸಾಲೂದಿಲ್ಲ ಅಂತೈತಿ. ಮತ್ತ ಕುಬ್ ಸಿಸ್ಟಮ್ ಒಳಗ ಯಾವುದೋ ಮೂರು ಪಾಡ್ ಅದಾವು. ಅವು ನಿಮ್ಮವೇನು?"

ಪಾಡ್ ಅಂದರೆ ಓಡುತ್ತಿರುವ ಕಂಟೇನರ್. ಕುಬ್ ಸಿಸ್ಟಮ್ ಅಂದರೆ ಕುಬರ್ನೆಟಿಸ್‌ನ ಸ್ವಂತ ಕೆಲಸಗಳು ಇರುವ ಕೋಣೆ. ಡ್ಯಾಶ್‌ಬೋರ್ಡ್ ತೆರೆದರೆ ಮೊದಲು ಕಾಣುವುದು ನಮ್ಮ ಕೋಣೆ. ಕುಬ್ ಸಿಸ್ಟಮ್ ಕೋಣೆಯನ್ನು ಬೇರೆಯಾಗಿ ಆರಿಸಿ ನೋಡಬೇಕಿತ್ತು. ನಾನು ನೋಡಿರಲಿಲ್ಲ. ಹುಡುಗ ನೋಡಿದ್ದ.

ಆ ಪಾಡ್ ಗಳಿಗೆ ಯಾವ ಆಜ್ಞೆ ಕೊಟ್ಟಿದೆ ಓದು ಅಂದೆ. ಅವನು ಅಕ್ಷರ ಬಿಡಿಸಿ ಓದಿದ. "ಸ್ಟ್ರಾಟಮ್ ಪ್ಲಸ್ ಟಿಸಿಪಿ" ಅನ್ನುವಲ್ಲಿಗೆ ನನಗೆ ತಿಳಿಯಿತು. ನಾಣ್ಯ ತೆಗೆಯುವ ಪ್ರೋಗ್ರಾಮುಗಳು ತಮ್ಮ ಯಜಮಾನನ ಜೊತೆ ಮಾತಾಡುವ ವಿಳಾಸ ಹಾಗೇ ಶುರುವಾಗುತ್ತದೆ. ಹೊಟ್ಟೆಯಲ್ಲಿ ತಣ್ಣಗಾಯಿತು.

ಆಗ ನಾನು ಹೇಳಬೇಕಾದದ್ದು ಇಷ್ಟೇ ಇತ್ತು. ಕಳ್ಳರು ಹೊಕ್ಕಿದ್ದಾರೆ. ಆ ಮೂರನ್ನು ಎಬ್ಬಿಸುತ್ತಿರುವುದನ್ನು ಅಳಿಸು, ಫೈರ್‌ವಾಲ್ ಮುಚ್ಚಿಸು, ಪಗಾರದ ಪ್ರೋಗ್ರಾಮನ್ನು ಬೇರೆ ಕಂಪ್ಯೂಟರಿನ ಮೇಲೆ ಓಡಿಸು. ಫೋನಿನಲ್ಲಿ ಒಂದೆರಡು ತಾಸು ಹೇಳಿಕೊಟ್ಟಿದ್ದರೆ ಆ ಹುಡುಗ ಮಾಡುತ್ತಿದ್ದ. ಆದರೆ ಹೇಳಿದ ತಕ್ಷಣ ಬಾಗಿಲು ತೆರೆದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು.

"ಅವನ್ನ ಮುಟ್ಟಬ್ಯಾಡ. ನಾ ಬಂದು ನೋಡ್ತೀನಿ" ಅಂದೆ.

ಸರ್ ಫೋನ್ ಇಸಿದುಕೊಂಡರು. "ಏನ್ ತೊಡಕಾಗೇತಿ?"

"ಮಳಿ ಸರ್. ನೆಟ್‌ವರ್ಕ್ ಬಿಟ್ಟು ಬಿಟ್ಟು ಬರಾಕತ್ತೈತಿ. ಸರ್ವರಿಗೂ ಅದೇ ಆಗಿರಬೇಕು."

ಸರ್ವರ್ ಇದ್ದದ್ದು ಮುಂಬೈಯಲ್ಲಿ. ನಮ್ಮ ಹಳ್ಳದ ನೀರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅವರು ನಂಬಿದರು. "ಮೊದಲ ಅಪ್ಪಾರನ್ನ ನೋಡ್ಕೋ" ಅಂದರು.

ಕೆಳಗೆ ಬಂದಾಗ ಅವ್ವ ಯಾಕೆ ಮುಖ ಹಾಗಿದೆ ಎಂದು ಕೇಳಿದಳು. ಅವಳಿಗೂ ಮಳೆ ಅಂದೆ.

ಶುಕ್ರವಾರ ನೀರು ಇಳಿದಿತ್ತು. ಮನೆಯೊಳಗೆ ಗೇಣುದ್ದ ಕೆಸರು. ಅಪ್ಪನನ್ನು ಕಾಕಾನ ಮನೆಯಲ್ಲೇ ಬಿಟ್ಟು ಹೊರಟೆ. ಖಾನಾಪುರದವರೆಗೆ ನಡೆದೆ. ಬಸ್ಸಿಗೆ ಎರಡು ತಾಸು ಕಾದು, ಕೊನೆಗೆ ಹಾಲಿನ ಟೆಂಪೊ ಒಂದರಲ್ಲಿ ಕೂತೆ. ಇಪ್ಪತ್ತಾರು ಕಿಲೋಮೀಟರ್ ದಾರಿ. ಆಫೀಸ್ ಮುಟ್ಟಿದಾಗ ಸಂಜೆ ಐದು. ಬ್ಯಾಂಕಿಗೆ ಪಟ್ಟಿ ಕೊಡುವ ಹೊತ್ತು ಮುಗಿದಿತ್ತು.

ಲ್ಯಾಪ್‌ಟಾಪ್ ತೆರೆದು ನೋಡಿದೆ. ಮೂರು ವರ್ಕರ್‌ಗಳ ಮೇಲೂ ಒಂದೊಂದು ಪಾಡ್. ಹೆಸರು ಕುಬರ್ನೆಟಿಸ್‌ನದೇ ಆದ ಕುಬ್ ಪ್ರಾಕ್ಸಿ ಎಂಬ ಪಾಡಿನ ಹೆಸರಿಗೆ ಒಂದು ಅಕ್ಷರದ ವ್ಯತ್ಯಾಸ. ಪ್ರತಿಯೊಂದೂ ನಾಲ್ಕರಲ್ಲಿ ಮೂರು ಸಿಪಿಯು ತನಗೇ ಎಂದು ಹಿಡಿದುಕೊಂಡಿತ್ತು. ಹೀಗಾಗಿ ಪಗಾರದ ಜಾಬ್‌ಗೆ ಕೂರಲು ಜಾಗವಿರಲಿಲ್ಲ. ಹುಟ್ಟಿದ ಹೊತ್ತು ನೋಡಿದೆ. ಭಾನುವಾರ ಸಂಜೆ ಆರರೊಳಗೆ. ನಾನು ಬಾಗಿಲು ತೆರೆದು ಹದಿನೇಳು ತಾಸೂ ಆಗಿರಲಿಲ್ಲ. ಇಂಥ ತೆರೆದ ಪೋರ್ಟುಗಳನ್ನು ಹುಡುಕಲೆಂದೇ ಹಗಲು ರಾತ್ರಿ ಇಂಟರ್ನೆಟ್ ತಡಕುವ ಪ್ರೋಗ್ರಾಮುಗಳಿವೆ. ಅಂದರೆ ಪಂಚಮಿಯ ದಿನ ನಾನು ಅಪ್ಪನಿಗೆ ತೋರಿಸುವಾಗ ಅವು ಆಗಲೇ ಅಲ್ಲಿದ್ದವು. ಕುಬ್ ಸಿಸ್ಟಮ್ ಕೋಣೆಯ ವೃತ್ತವೂ ಹಸಿರಾಗಿಯೇ ಇರುತ್ತಿತ್ತು. ಪಾಡ್ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಅಷ್ಟೇ ಅದು ಹೇಳುತ್ತದೆ. ಯಾರದು ಎಂದು ಹೇಳುವುದಿಲ್ಲ.

ಮೊದಲು ಫೈರ್‌ವಾಲ್ ಮುಚ್ಚಿದೆ. ಡ್ಯಾಶ್‌ಬೋರ್ಡ್ ಕಿತ್ತೆ. ಆ ಹಕ್ಕನ್ನು ಅಳಿಸಿದೆ. ಪಾಡ್ ಅಳಿಸಿದರೆ ನಿಮಿಷದೊಳಗೆ ಮತ್ತೆ ಹುಟ್ಟಿದವು. ಸತ್ತದ್ದನ್ನು ಎಬ್ಬಿಸುವುದೇ ಕುಬರ್ನೆಟಿಸ್‌ನ ಕೆಲಸ, ಕಳ್ಳನಿಗೂ ಅದು ಅಷ್ಟೇ ನಿಯತ್ತಿನಿಂದ ಮಾಡುತ್ತಿತ್ತು. ಅವನ್ನು ಹುಟ್ಟಿಸುತ್ತಿದ್ದ ಮೂಲ ಹುಡುಕಿ ಅಳಿಸಿದ ಮೇಲೆ ನಿಂತವು.

ನನ್ನನ್ನು ಹೆಚ್ಚು ಹೆದರಿಸಿದ್ದು ಅವಲ್ಲ. ಡೇಟಾಬೇಸಿನ ಪಾಸ್‌ವರ್ಡು ಅದೇ ಕ್ಲಸ್ಟರಿನ ಸೀಕ್ರೆಟ್ ಎಂಬಲ್ಲಿ ಇತ್ತು. ಹೆಸರು ಸೀಕ್ರೆಟ್. ಡ್ಯಾಶ್‌ಬೋರ್ಡಿನಲ್ಲಿ ಕಣ್ಣಿನ ಚಿತ್ರ ಒತ್ತಿದರೆ ಓದಲು ಬರುತ್ತಿತ್ತು. ಡೇಟಾಬೇಸಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರ ಹೆಸರು, ಬ್ಯಾಂಕ್ ಖಾತೆ. ಯಾರಾದರೂ ಓದಿದರೋ ಎಂದು ತಿಳಿಯಲು ಆಡಿಟ್ ಲಾಗ್ ಬೇಕು. ಅದನ್ನು ನಾವೇ ಚಾಲೂ ಮಾಡಬೇಕು. ನಾನು ಮಾಡಿರಲಿಲ್ಲ. ಇಂದಿಗೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಒಂಬತ್ತು ಗಂಟೆಗೆ ಸರ್ ಎರಡು ಪ್ಲೇಟ್ ಮಿಸಳ್ ಕಟ್ಟಿಸಿಕೊಂಡು ಬಂದರು. ಅವರು ಕೂತ ಮೇಲೆ ಎಲ್ಲ ಹೇಳಿದೆ. ಸ್ಕಿಪ್ ಗುಂಡಿಯಿಂದ ಶುರುಮಾಡಿ. ಅವರು ನಡುವೆ ಮಾತಾಡಲಿಲ್ಲ. ಕೊನೆಗೆ ಒಂದೇ ಕೇಳಿದರು.

"ಗುರುವಾರ ಫೋನ್ ಮಾಡಿದಾಗ ಇದು ಗೊತ್ತಿತ್ತೇನು?"

"ಗೊತ್ತಿತ್ತು ಸರ್."

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಪಕ್ಕದ ಕೋಣೆಗೆ ಹೋಗಿ ಮೂರೂ ಫೌಂಡ್ರಿಯವರಿಗೆ ತಾವೇ ಫೋನ್ ಮಾಡಿದರು. ಮಳೆ ಎನ್ನಲಿಲ್ಲ. ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಬೈದರೇ ಚಲೋ ಇತ್ತು ಅನ್ನಿಸಿತು.

ಆ ಕ್ಲಸ್ಟರಿನ ಮೇಲೆ ಪಗಾರದ ಲೆಕ್ಕ ಮಾಡುವ ಧೈರ್ಯವಾಗಲಿಲ್ಲ. ಹೊಸ ಸರ್ವರ್ ಒಂದನ್ನು ತೆಗೆದುಕೊಂಡು, ಪಾಸ್‌ವರ್ಡ್ ಎಲ್ಲ ಬದಲಿಸಿ, ಹಾಜರಿಯನ್ನು ಒಂದೊಂದಾಗಿ ತಾಳೆ ನೋಡಿದೆವು. ಹುಡುಗನೂ ಉಳಿದಿದ್ದ. ಪಟ್ಟಿ ಮುಗಿದಾಗ ಶನಿವಾರ ಬೆಳಗಿನ ಐದು ಗಂಟೆ.

ಹತ್ತಕ್ಕೆ ಮಚ್ಛೆಯ ಫೌಂಡ್ರಿಯೊಂದರ ಗುಮಾಸ್ತರು ರೇನ್‌ಕೋಟಿನಲ್ಲಿ ಬಂದರು. ಐವತ್ತು ದಾಟಿದವರು. ಪಟ್ಟಿ ಕೊಟ್ಟೆ. ಅವರು ಕನ್ನಡಕ ಒರೆಸಿಕೊಂಡು ಕೊನೆಯ ಹಾಳೆಯ ಮೊತ್ತ ನೋಡಿದರು.

"ಸರಿ ಐತ್ರಿ. ಆದರ ಇದನ್ನ ಯಾರಿಗೆ ಕೊಡ್ಲಿ? ಇವತ್ತ ಎರಡನೇ ಶನಿವಾರ. ನಾಳೆ ಐತವಾರ. ಸೋಮವಾರ ಬಕ್ರೀದ್."

ನನಗೆ ಅದು ಹೊಳೆದೇ ಇರಲಿಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ ಆಗ ಬ್ಯಾಂಕ್ ತೆರೆದಿದ್ದಾಗ ಮಾತ್ರ ನಡೆಯುತ್ತಿತ್ತು. ದಿನದ ಇಪ್ಪತ್ನಾಲ್ಕು ತಾಸು ಆದದ್ದು ಆ ವರ್ಷದ ಡಿಸೆಂಬರಿನಲ್ಲಿ. ಶುಕ್ರವಾರ ಮಧ್ಯಾಹ್ನದೊಳಗೆ ಪಟ್ಟಿ ಕೈಗೆ ಬಂದಿದ್ದರೆ ಹಣ ಅದೇ ದಿನ ಹೋಗುತ್ತಿತ್ತು. ಗುರುವಾರ ನಾನು ನಿಜ ಹೇಳಿದ್ದರೆ ಶುಕ್ರವಾರ ಬೆಳಿಗ್ಗೆ ಪಟ್ಟಿ ಬರುತ್ತಿತ್ತು. ಸಿಪಿಯು ಕದ್ದವರು ಎರಡು ದಿನ ತಡ ಮಾಡಿದರು. ಉಳಿದ ನಾಲ್ಕು ದಿನ ನನ್ನವು.

ಗುಮಾಸ್ತರು ಹೋಗುವ ಮೊದಲು ಹೇಳಿದರು, ತಮ್ಮಲ್ಲಿ ಇಬ್ಬರ ಮನೆಯ ಗೋಡೆ ಬಿದ್ದಿವೆ, ಒಬ್ಬನ ಹೆಂಡತಿ ಹೆರಿಗೆಗೆ ಆಸ್ಪತ್ರೆಯಲ್ಲಿದ್ದಾಳೆ. ಕ್ಯಾಶ್ ಪೆಟ್ಟಿಗೆಯಿಂದ ಕೈಗಡ ಎಂದು ಬರೆದು ಅವರಿಗೆ ಸ್ವಲ್ಪ ಕೊಟ್ಟಿದ್ದಾರೆ. ಉಳಿದವರು ಅಂಗಡಿಯಲ್ಲಿ ಉದ್ರಿ ತಂದಿದ್ದಾರೆ. ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ಕೇಳಿದೆ ಎಂದು ತಿಳಿಸಲೂ ನನಗೆ ಮಾತು ಬರಲಿಲ್ಲ. ಅವ್ವ ಕೊಟ್ಟು ಕಳಿಸಿದ್ದ ಉಂಡಿಯ ಡಬ್ಬಿ ಮೇಜಿನ ಮೇಲಿತ್ತು. ಹುಡುಗ ಅದನ್ನು ಅವರ ಮುಂದೆ ಹಿಡಿದ. ಒಂದು ತೆಗೆದುಕೊಂಡರು.

ಮುಂದಿನ ಮೂರು ದಿನ ಹಳೆಯ ನಾಲ್ಕೂ ಸರ್ವರ್ ಅಳಿಸಿ ಹೊಸದಾಗಿ ಕಟ್ಟಿದೆ. ಡ್ಯಾಶ್‌ಬೋರ್ಡನ್ನು ಮತ್ತೆ ಹಾಕಿದೆ, ಆದರೆ ಲ್ಯಾಪ್‌ಟಾಪಿನೊಳಗಿನ 8001ಕ್ಕೆ ಮಾತ್ರ. ಹುಡುಗನಿಗೆ ಅವನದೇ ಕೀಲಿ ಮಾಡಿಕೊಟ್ಟೆ, ಆಜ್ಞೆಗಳನ್ನು ಕಲಿಸಿದೆ. ಅದನ್ನು ಎಂಟು ತಿಂಗಳ ಹಿಂದೆಯೇ ಮಾಡಬೇಕಿತ್ತು. ಸರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ಫೌಂಡ್ರಿ ಮಾತ್ರ ಮಾರ್ಚಿನಲ್ಲಿ ನಮ್ಮನ್ನು ಬಿಟ್ಟಿತು. ಕಾರಣ ಹೇಳಲಿಲ್ಲ, ನಾವು ಕೇಳಲಿಲ್ಲ. ಅಪ್ಪ ದೀಪಾವಳಿಯ ಹೊತ್ತಿಗೆ ಕೋಲು ಹಿಡಿದು ನಡೆದರು. ಸ್ವಲ್ಪ ಕುಂಟು ಉಳಿದಿದೆ.

ಆಗಸ್ಟ್ 13ನೇ ತಾರೀಖು, ಮಂಗಳವಾರ ಮಧ್ಯಾಹ್ನ ಗುಮಾಸ್ತರು ಫೋನ್ ಮಾಡಿದರು. "ಎಲ್ಲಾರದೂ ಜಮಾ ಆತ್ರಿ" ಅಂದರು. ಆಮೇಲೆ, "ಮುಂದಿನ ತಿಂಗಳದ್ದು ಸ್ವಲ್ಪ ಲಗೂನ ನೋಡ್ರಿ."

ಸೆಪ್ಟೆಂಬರ್ 6ರ ರಾತ್ರಿ ನಾನೂ ಹುಡುಗನೂ ಆಫೀಸಿನಲ್ಲೇ ಇದ್ದೆವು. ಪಟ್ಟಿ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಬಂತು. ಮರುದಿನ ಶನಿವಾರವಾದರೂ ಮೊದಲನೆಯದು, ಬ್ಯಾಂಕ್ ಇತ್ತು. ಪ್ರಿಂಟ್ ತೆಗೆದು ಬೆಳಿಗ್ಗೆ ಮಚ್ಛೆಗೆ ನಾನೇ ಒಯ್ದೆ.